ಏಷ್ಯಾ–ಪೆಸಿಫಿಕ್ ಅಧ್ಯಯನದಲ್ಲಿ ಎಂ.ಎ.: ವಿಶ್ವವಿದ್ಯಾಲಯ ಆರಿಸುವ ಮೊದಲು

ಪ್ರಶ್ನೆ: ಇತಿಹಾಸ ಮತ್ತು ರಾಜ್ಯಶಾಸ್ತ್ರದಲ್ಲಿ ಬಿ.ಎ. ಮುಗಿಸಿ ಎರಡು ವರ್ಷದಿಂದ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಕೊರಿಯಾದ ಧಾರಾವಾಹಿಗಳಿಂದ ಹುಟ್ಟಿದ ಆಸಕ್ತಿ ಈಗ ಚೀನಾ, ಜಪಾನ್, ಆಗ್ನೇಯ ಏಷ್ಯಾದ ರಾಜಕೀಯದವರೆಗೆ ಬೆಳೆದಿದೆ. ಏಷ್ಯಾ–ಪೆಸಿಫಿಕ್ ಅಧ್ಯಯನದಲ್ಲಿ ಸ್ನಾತಕೋತ್ತರ ಪದವಿ ಮಾಡಬೇಕೆಂದಿದ್ದೇನೆ. ಯಾವ ವಿಶ್ವವಿದ್ಯಾಲಯ ಒಳ್ಳೆಯದು? ಭಾಷೆ ಗೊತ್ತಿಲ್ಲದೆ ಹೋಗಬಹುದೇ? ಮುಗಿದ ಮೇಲೆ ಕೆಲಸ ಸಿಗುತ್ತದೆಯೇ? ಮನೆಯವರಿಗೆ ಈ ಪದವಿಯ ಹೆಸರೇ ಅರ್ಥವಾಗುತ್ತಿಲ್ಲ.

ಉತ್ತರ: ಹೆಸರು ಅರ್ಥವಾಗದಿದ್ದಕ್ಕೆ ಮನೆಯವರನ್ನು ದೂರಬೇಡಿ. ಆ ಹೆಸರಿನಡಿ ಏನು ಕಲಿಸಬೇಕು ಎಂಬುದರಲ್ಲಿ ಕಲಿಸುವವರಲ್ಲೇ ಒಮ್ಮತವಿಲ್ಲ. ನೀವು ಮೊದಲು ಕೇಳಿರುವುದು ವಿಶ್ವವಿದ್ಯಾಲಯದ ಬಗ್ಗೆ. ಅದನ್ನು ಎಲ್ಲಕ್ಕಿಂತ ಕೊನೆಯಲ್ಲಿ ತೀರ್ಮಾನಿಸಬೇಕು ಎನ್ನುವವನು ನಾನು. ಮೊದಲು ನಿಮ್ಮದೇ ಆದ ಒಂದು ಪ್ರಶ್ನೆ, ಆ ಪ್ರಶ್ನೆಗೆ ಬೇಕಾದ ಭಾಷೆ, ಆ ಭಾಷೆಯಲ್ಲಿ ಕೆಲಸ ಮಾಡಿರುವ ಒಬ್ಬ ಅಧ್ಯಾಪಕರು, ಆಮೇಲೆ ಅವರು ಎಲ್ಲಿ ಕಲಿಸುತ್ತಾರೋ ಆ ವಿಶ್ವವಿದ್ಯಾಲಯ. ಈ ಕ್ರಮ ತಲೆಕೆಳಗಾದರೆ ಎರಡು ವರ್ಷ ಕಳೆದ ಮೇಲೆ ಹತ್ತು ದೇಶಗಳ ಬಗ್ಗೆ ಅಷ್ಟಿಷ್ಟು ಗೊತ್ತಿರುತ್ತದೆ, ಒಂದು ದೇಶದ ಬಗ್ಗೆಯೂ ಗಟ್ಟಿಯಾಗಿ ಮಾತಾಡಲು ಆಗುವುದಿಲ್ಲ.

ಅರ್ಥಶಾಸ್ತ್ರಕ್ಕೆ, ಮಾನವಶಾಸ್ತ್ರಕ್ಕೆ ಅವುಗಳದೇ ವಿಧಾನವಿದೆ. ಏಷ್ಯಾ–ಪೆಸಿಫಿಕ್ ಅಧ್ಯಯನ ಸೇರುವ ಪ್ರದೇಶ ಅಧ್ಯಯನ ಎಂಬ ಕ್ಷೇತ್ರಕ್ಕೆ ಅಂಥ ಒಂದೇ ವಿಧಾನವಿಲ್ಲ. ಒಂದು ಭೂಭಾಗವನ್ನು ಮುಂದಿಟ್ಟುಕೊಂಡು ಅದರ ಇತಿಹಾಸ, ರಾಜಕೀಯ, ಆರ್ಥಿಕತೆ, ಸಮಾಜ, ಭಾಷೆ ಎಲ್ಲವನ್ನೂ ಒಟ್ಟಿಗೆ ಓದುವುದು ಇದರ ಪದ್ಧತಿ. ಇದರ ಹುಟ್ಟು ಅಷ್ಟೇನೂ ಮುಗ್ಧವಲ್ಲ. ಏಷ್ಯಾ, ಆಫ್ರಿಕಾಗಳ ಅಧ್ಯಯನಕ್ಕೆ ಹೆಸರಾದ ಲಂಡನ್ನಿನ ಸೋಆಸ್ ಸಂಸ್ಥೆ 1916ರಲ್ಲಿ ಸ್ಥಾಪನೆಯಾದಾಗ ಸಾಮ್ರಾಜ್ಯದ ಅಧಿಕಾರಿಗಳಿಗೆ ಪೂರ್ವದ ಭಾಷೆಗಳನ್ನು ಕಲಿಸುವುದು ಅದರ ಮುಖ್ಯ ಉದ್ದೇಶಗಳಲ್ಲೊಂದಾಗಿತ್ತು. ಸೋವಿಯತ್ ಒಕ್ಕೂಟ 1957ರಲ್ಲಿ ಸ್ಪುಟ್ನಿಕ್ ಉಪಗ್ರಹ ಹಾರಿಸಿದ ಮರುವರ್ಷವೇ ಅಮೆರಿಕ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ ತಂದು ವಿದೇಶಿ ಭಾಷೆ ಮತ್ತು ಪ್ರದೇಶ ಅಧ್ಯಯನ ಕೇಂದ್ರಗಳಿಗೆ ಸರ್ಕಾರದ ಹಣ ಕೊಟ್ಟಿತು. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿ 1946ರಲ್ಲಿ ರೂಪುಗೊಂಡಾಗ ಅದರ ಮೊದಲ ನಾಲ್ಕು ಸಂಶೋಧನಾ ಶಾಲೆಗಳಲ್ಲಿ ಒಂದು ಪೆಸಿಫಿಕ್ ಅಧ್ಯಯನದ್ದು. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಸೇನೆ ನೆರೆಯ ನ್ಯೂಗಿನಿಯವರೆಗೆ ಬಂದದ್ದನ್ನು ಕಂಡಿದ್ದ ದೇಶ ಅದು.

ಹಳೆಯ ಕತೆ ಯಾಕೆ ಹೇಳಿದೆನೆಂದರೆ, ಈ ಕ್ಷೇತ್ರದಲ್ಲಿ ಹಣ ಇವತ್ತಿಗೂ ಸರ್ಕಾರಗಳ ಆತಂಕದ ಬೆನ್ನು ಹಿಡಿದೇ ಹೋಗುತ್ತದೆ. ಚೀನಾದ ನೌಕಾಪಡೆಯ ಬಗ್ಗೆ ಬರೆಯುವವರಿಗೆ ಫೆಲೋಶಿಪ್ ಸಿಗುವಷ್ಟು ಸುಲಭವಾಗಿ ಲಾವೋಸ್‌ನ ಕಾವ್ಯದ ಬಗ್ಗೆ ಬರೆಯುವವರಿಗೆ ಸಿಗುವುದಿಲ್ಲ. ಹಾಗೆಂದು ಎಲ್ಲರೂ ನೌಕಾಪಡೆಯ ಬಗ್ಗೆಯೇ ಬರೆಯಬೇಕಿಲ್ಲ. ಯಾವುದಕ್ಕೆ ಪೈಪೋಟಿ ಇದೆ, ಯಾವುದಕ್ಕೆ ಹಣ ಕಡಿಮೆ ಎಂಬುದು ಆಯ್ಕೆ ಮಾಡುವಾಗಲೇ ತಿಳಿದಿರಲಿ.

ಇನ್ನು ಕೋರ್ಸುಗಳ ವಿಷಯ. ಹೆಸರಿನಲ್ಲಿ ಪೆಸಿಫಿಕ್ ಇದ್ದ ಮಾತ್ರಕ್ಕೆ ಒಳಗೂ ಪೆಸಿಫಿಕ್ ಇರುತ್ತದೆಂದು ನಂಬಬೇಡಿ. ಟೋಕಿಯೊದ ವಾಸೆದಾ ವಿಶ್ವವಿದ್ಯಾಲಯ 1998ರಲ್ಲಿ ಏಷ್ಯಾ–ಪೆಸಿಫಿಕ್ ಅಧ್ಯಯನಕ್ಕೆಂದೇ ಸ್ನಾತಕೋತ್ತರ ಶಾಲೆ ತೆರೆಯಿತು. ಬೆಪ್ಪು ನಗರದಲ್ಲಿ 2000ದಲ್ಲಿ ರಿತ್ಸುಮೈಕನ್ ಏಷ್ಯಾ ಪೆಸಿಫಿಕ್ ವಿಶ್ವವಿದ್ಯಾಲಯ ಆರಂಭವಾಯಿತು. ಎರಡೂ ಕಡೆ ಇಂಗ್ಲಿಷಿನಲ್ಲೇ ಓದಬಹುದು, ಎರಡೂ ಕಡೆ ಒತ್ತು ಹೆಚ್ಚಾಗಿ ಪೂರ್ವ ಮತ್ತು ಆಗ್ನೇಯ ಏಷ್ಯಾದ ಅಂತರರಾಷ್ಟ್ರೀಯ ಸಂಬಂಧ, ಅಭಿವೃದ್ಧಿ, ಸಮಾಜಗಳ ಮೇಲೆ. ನಿಮ್ಮ ಈಗಿನ ಆಸಕ್ತಿಗೆ ಇವು ಹೊಂದುತ್ತವೆ. ಫಿಜಿ, ಟೊಂಗಾ, ವನುವಾಟು ಓದಬೇಕೆನ್ನುವವರು ಬೇರೆ ಕಡೆ ನೋಡಬೇಕು. ಹವಾಯಿ ವಿಶ್ವವಿದ್ಯಾಲಯದ ಮಾನೋಆ ಕ್ಯಾಂಪಸ್ಸಿನಲ್ಲಿ ಏಷ್ಯಾ ಅಧ್ಯಯನದ ಎಂ.ಎ. ಬೇರೆ, ಪೆಸಿಫಿಕ್ ದ್ವೀಪಗಳ ಅಧ್ಯಯನದ ಎಂ.ಎ. ಬೇರೆ. ಕ್ಯಾನ್‌ಬೆರಾದಲ್ಲಿ ಎರಡಕ್ಕೂ ದೀರ್ಘ ಪರಂಪರೆಯಿದೆ. ಫಿಜಿಯ ಸುವಾದಲ್ಲಿ 1968ರಿಂದ ನಡೆಯುತ್ತಿರುವ ಯೂನಿವರ್ಸಿಟಿ ಆಫ್ ದ ಸೌತ್ ಪೆಸಿಫಿಕ್ ದ್ವೀಪ ದೇಶಗಳೇ ಜಂಟಿಯಾಗಿ ನಡೆಸುವ ಸಂಸ್ಥೆ. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯ, ಅಮೆರಿಕದ ಕಾರ್ನೆಲ್, ಜಪಾನಿನ ಕ್ಯೋಟೊ ಇವು ಆಗ್ನೇಯ ಏಷ್ಯಾಕ್ಕೆ ಹೆಸರಾದವು. ನೆದರ್ಲೆಂಡ್ಸಿನ ಲೈಡನ್‌ನಲ್ಲಿ ಇಂಡೊನೇಷ್ಯಾ ಕುರಿತ ಸಂಗ್ರಹ ಅಪಾರ, ವಸಾಹತು ಕಾಲದ ಡಚ್ ಕಾಗದಪತ್ರ ಓದಬೇಕಾದವರು ಒಂದಲ್ಲ ಒಂದು ದಿನ ಅಲ್ಲಿಗೆ ಹೋಗಲೇಬೇಕು. ವಿಶ್ವವಿದ್ಯಾಲಯಗಳ ರ‍್ಯಾಂಕಿಂಗ್ ಪಟ್ಟಿಯಲ್ಲಿ ಇಂಥ ವಿಶೇಷತೆ ಯಾವುದೂ ಕಾಣುವುದಿಲ್ಲ. ಅದಕ್ಕೇ ಆ ಪಟ್ಟಿ ನಿಮಗೆ ಅಷ್ಟಾಗಿ ಪ್ರಯೋಜನಕ್ಕೆ ಬಾರದು.

ಈಗ ನಿಮ್ಮ ಪ್ರಶ್ನೆಗೆ, ಅಂದರೆ ನೀವು ಸಂಶೋಧಿಸಬೇಕಾದ ಪ್ರಶ್ನೆಗೆ ಬರೋಣ. ಕೊರಿಯಾದ ಧಾರಾವಾಹಿಯಿಂದ ಆಸಕ್ತಿ ಹುಟ್ಟಿತು ಎನ್ನಲು ನೀವು ಸ್ವಲ್ಪ ನಾಚಿಕೊಂಡಂತಿದೆ. ನಾಚಿಕೆ ಬೇಡ, ಅಲ್ಲೇ ನಿಲ್ಲುವುದೂ ಬೇಡ. ದಕ್ಷಿಣ ಕೊರಿಯಾ ದಶಕಗಳ ಕಾಲ ಜಪಾನಿನ ಜನಪ್ರಿಯ ಸಿನಿಮಾ, ಸಂಗೀತವನ್ನು ತನ್ನ ಮಾರುಕಟ್ಟೆಯಿಂದ ಹೊರಗಿಟ್ಟಿತ್ತು. 1998ರಲ್ಲಿ ಆ ನಿಷೇಧವನ್ನು ಹಂತಹಂತವಾಗಿ ಸಡಿಲಿಸಲು ಆರಂಭಿಸಿತು. 1999ರಲ್ಲಿ ಸಾಂಸ್ಕೃತಿಕ ಉದ್ಯಮಗಳ ಉತ್ತೇಜನಕ್ಕೆ ಕಾನೂನು ಮಾಡಿತು. 1997ರ ಆರ್ಥಿಕ ಕುಸಿತದ ಪೆಟ್ಟು ಇನ್ನೂ ಆರಿರದ ಹೊತ್ತು ಅದು. ಎದುರಾಳಿಗೆ ಬಾಗಿಲು ತೆರೆದದ್ದೂ ತನ್ನ ಉದ್ಯಮಕ್ಕೆ ಬೆಂಬಲ ಕೊಟ್ಟದ್ದೂ ಒಂದರ ಹಿಂದೊಂದು ಯಾಕೆ ಬಂದವು? ಆಗಿನ ಸಂಸತ್ತಿನ ಚರ್ಚೆಗಳಲ್ಲಿ, ಪತ್ರಿಕೆಗಳಲ್ಲಿ ಇದರ ಬಗ್ಗೆ ಭಯವಿತ್ತೇ, ಲೆಕ್ಕಾಚಾರವಿತ್ತೇ? ಇದಕ್ಕೊಂದು ಕಾಲವಿದೆ, ಪಾತ್ರಧಾರಿಗಳಿದ್ದಾರೆ, ದಾಖಲೆಗಳಿವೆ. ಕೊರಿಯಾದ ಧಾರಾವಾಹಿ, ಸಂಗೀತದ ಜನಪ್ರಿಯತೆಯನ್ನು ಹಿಡಿದು ಬರೀ ‘ಕೊರಿಯನ್ ಅಲೆಯ ಪ್ರಭಾವ’ ಎಂದು ಬರೆದರೆ ಇದ್ಯಾವುದೂ ಇರುವುದಿಲ್ಲ.

ರಾಜಕೀಯದ ಕಡೆಯಿಂದಲೂ ಒಂದು ಉದಾಹರಣೆ. ‘ಪೆಸಿಫಿಕ್‌ನಲ್ಲಿ ಚೀನಾದ ಪ್ರಭಾವ’ ಎಂಬ ಶೀರ್ಷಿಕೆಯ ಪ್ರಸ್ತಾವನೆಗಳು ಎಲ್ಲ ಪ್ರವೇಶ ಸಮಿತಿಗಳ ಮುಂದೆಯೂ ರಾಶಿ ಬಿದ್ದಿರುತ್ತವೆ. ಸಾಲೊಮನ್ ದ್ವೀಪಗಳ ಸರ್ಕಾರ 2019ರಲ್ಲಿ ತೈವಾನಿನ ಜೊತೆಗಿನ ರಾಜತಾಂತ್ರಿಕ ಸಂಬಂಧ ಕಡಿದುಕೊಂಡು ಬೀಜಿಂಗ್ ಕಡೆ ಹೋದಾಗ, ಅಲ್ಲಿಯ ಅತಿ ಹೆಚ್ಚು ಜನಸಂಖ್ಯೆಯ ಪ್ರಾಂತ್ಯವಾದ ಮಲೈಟಾ ಅದನ್ನು ಒಪ್ಪಲಿಲ್ಲ. ಯಾಕೆ? ಉತ್ತರ ಬೀಜಿಂಗ್‌ನಲ್ಲೂ ತೈಪೆಯಲ್ಲೂ ಸಿಗುವುದಿಲ್ಲ. ಮಲೈಟಾದ ಚರ್ಚುಗಳಲ್ಲಿ, ಮರದ ವ್ಯಾಪಾರದಲ್ಲಿ, 1990ರ ದಶಕದ ಕೊನೆಯಲ್ಲಿ ಗ್ವಾಡಲ್‌ಕೆನಾಲ್ ದ್ವೀಪದಿಂದ ಓಡಿಸಲ್ಪಟ್ಟ ಮಲೈಟಾ ಕುಟುಂಬಗಳ ನೆನಪಿನಲ್ಲಿ ಹುಡುಕಬೇಕು. ಅಷ್ಟು ಹತ್ತಿರ ಹೋಗಿ ನೋಡುವುದನ್ನು ಕಲಿಸುವುದೇ ಈ ಪದವಿಯ ಕೆಲಸ. ದೂರದಿಂದ ನೋಡುವುದಕ್ಕೆ ಅಂತರರಾಷ್ಟ್ರೀಯ ಸಂಬಂಧಗಳ ಎಂ.ಎ. ಸಾಕು, ಅದೇನೂ ಕೀಳಲ್ಲ. ನಿಮಗೆ ದೊಡ್ಡ ಶಕ್ತಿಗಳ ಆಟವಷ್ಟೇ ಮುಖ್ಯವೆನಿಸಿದರೆ ಆ ಕೋರ್ಸಿಗೇ ಹೋಗಿ.

ನಿಮ್ಮ ಪಟ್ಟಿಯಲ್ಲಿ ಪೆಸಿಫಿಕ್‌ನ ಪುಟ್ಟ ದ್ವೀಪ ರಾಷ್ಟ್ರ ಒಂದೂ ಇಲ್ಲ. ಸಹಜವೇ. ಆದರೂ ಆ ಕಡೆ ಒಮ್ಮೆ ಕಣ್ಣು ಹಾಯಿಸಿ ಎಂದು ಒತ್ತಾಯಿಸುತ್ತೇನೆ, ಏಕೆಂದರೆ ಕೆಲಸ ಮಾಡುವವರು ಕಡಿಮೆ, ಮಾಡಬೇಕಾದ ಕೆಲಸ ಬೆಟ್ಟದಷ್ಟಿದೆ. ಕಿರಿಬಾಟಿಯ ನೆಲ ಸುಮಾರು 800 ಚದರ ಕಿಲೋಮೀಟರ್, ಅದರ ಹಕ್ಕಿಗೆ ಒಳಪಟ್ಟ ಸಮುದ್ರ 30 ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು. ಹೊರಗಿನವರು ಚಿಕ್ಕ ದ್ವೀಪಗಳನ್ನು ಕಾಣುವಲ್ಲಿ ಅಲ್ಲಿಯ ಜನ ವಿಶಾಲ ಸಮುದ್ರವನ್ನು ಕಾಣುತ್ತಾರೆ ಎಂದು ಟೊಂಗಾ ಮೂಲದ ಚಿಂತಕ ಎಪೆಲಿ ಹೌಒಫಾ 1993ರಲ್ಲಿ ವಾದಿಸಿದಾಗ ಈ ಕ್ಷೇತ್ರದ ದೃಷ್ಟಿಯೇ ತಿರುಗಿತು. ಆ ಸಮುದ್ರದ ಟ್ಯೂನಾ ಮೀನಿಗೆ ವಿದೇಶಿ ಹಡಗುಗಳಿಂದ ಎಷ್ಟು ವಸೂಲು ಮಾಡಬೇಕೆಂದು ಪುಟ್ಟ ದೇಶಗಳು ಒಟ್ಟಾಗಿ ಚೌಕಾಸಿ ಮಾಡಲು ಕಲಿತದ್ದು 1982ರ ನೌರು ಒಪ್ಪಂದದ ನಂತರ. ಮಾರ್ಷಲ್ ದ್ವೀಪಗಳಲ್ಲಿ ಅಮೆರಿಕ 1946ರಿಂದ 1958ರವರೆಗೆ 67 ಅಣುಪರೀಕ್ಷೆ ನಡೆಸಿತು. ಅದರ ಪರಿಹಾರದ ವ್ಯಾಜ್ಯ, ಕಾಯಿಲೆ, ಸ್ಥಳಾಂತರ ಇನ್ನೂ ಮುಗಿದ ಅಧ್ಯಾಯವಲ್ಲ. ಫಿಜಿಗೆ 1879ರಿಂದ 1916ರವರೆಗೆ ಸುಮಾರು 60,000 ಭಾರತೀಯರನ್ನು ಗಿರಮಿಟ್, ಅಂದರೆ ಕರಾರಿನ ಕೂಲಿಗಳಾಗಿ ಒಯ್ದರು. ಆ ಚರಿತ್ರೆಯನ್ನು ವಲಸೆ ದಾಖಲೆಗಳಿಂದ ಹೆಕ್ಕಿ ತೆಗೆದ ಇತಿಹಾಸಕಾರ ಬ್ರಿಜ್ ಲಾಲ್ ಸ್ವತಃ ಅಂಥ ಒಬ್ಬ ಕೂಲಿಯ ಮೊಮ್ಮಗ.

ಇನ್ನೊಂದು ಘಟನೆ ವಿದ್ಯಾರ್ಥಿಗಳಿಗೇ ಸೇರಿದ್ದು. ಸೌತ್ ಪೆಸಿಫಿಕ್ ವಿಶ್ವವಿದ್ಯಾಲಯದ ವನುವಾಟು ಕ್ಯಾಂಪಸ್ಸಿನ ಕಾನೂನು ವಿದ್ಯಾರ್ಥಿಗಳು 2019ರಲ್ಲಿ ಒಂದು ಅಭಿಯಾನ ಶುರುಮಾಡಿದರು: ಹವಾಮಾನ ಬದಲಾವಣೆಯ ವಿಷಯದಲ್ಲಿ ದೇಶಗಳ ಕಾನೂನುಬದ್ಧ ಹೊಣೆ ಏನೆಂದು ಅಂತರರಾಷ್ಟ್ರೀಯ ನ್ಯಾಯಾಲಯವನ್ನು ಕೇಳಬೇಕು. ವನುವಾಟು ಸರ್ಕಾರ ಅದನ್ನು ಎತ್ತಿಕೊಂಡಿತು, 2023ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ನಿರ್ಣಯ ಅಂಗೀಕರಿಸಿತು, 2025ರ ಜುಲೈನಲ್ಲಿ ನ್ಯಾಯಾಲಯ ಸಲಹಾ ಅಭಿಪ್ರಾಯ ಕೊಟ್ಟಿತು. ಈ ಪ್ರದೇಶವನ್ನು ಬಲಿಪಶುವಿನಂತೆ ಮಾತ್ರ ನೋಡುವ ಬರಹ ಓದಿ ಬೇಸತ್ತವರಿಗೆ ಇದರಲ್ಲಿ ಒಂದಲ್ಲ, ಹಲವು ಪ್ರಬಂಧಗಳಿಗೆ ವಸ್ತುವಿದೆ.

ಭಾಷೆ ಗೊತ್ತಿಲ್ಲದೆ ಹೋಗಬಹುದೇ ಎಂದು ಕೇಳಿದ್ದೀರಿ. ಪ್ರವೇಶ ಸಿಗುತ್ತದೆ. ಇಂಗ್ಲಿಷ್ ಮಾಧ್ಯಮದ ಬಹುತೇಕ ಕೋರ್ಸುಗಳು ಏಷ್ಯಾದ ಭಾಷೆಯನ್ನು ಪ್ರವೇಶದ ಷರತ್ತಾಗಿ ಕೇಳುವುದಿಲ್ಲ, ಐಇಎಲ್‌ಟಿಎಸ್ ಅಥವಾ ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕ ಕೇಳುತ್ತವೆ. ತೊಂದರೆ ಶುರುವಾಗುವುದು ಪ್ರಬಂಧ ಬರೆಯುವಾಗ. ಭಾಷೆ ಇಲ್ಲದಿದ್ದರೆ ನಿಮಗೆ ಸಿಗುವುದು ಬೇರೆಯವರು ಆಗಲೇ ಓದಿ, ಸೋಸಿ, ಇಂಗ್ಲಿಷಿಗೆ ತಂದಿಟ್ಟದ್ದು ಮಾತ್ರ. ಅದರಿಂದ ಹೊಸದೇನೂ ಹೇಳಲಾಗದು ಎಂದಲ್ಲ, ಬಹಳ ಕಷ್ಟ.

ಯಾವ ಭಾಷೆಗೆ ಎಷ್ಟು ಕಾಲ? ಅಮೆರಿಕದ ವಿದೇಶಾಂಗ ಸೇವೆಯ ತರಬೇತಿ ಸಂಸ್ಥೆಯ ಅಂದಾಜು ಹೆಚ್ಚಾಗಿ ಉಲ್ಲೇಖವಾಗುತ್ತದೆ: ಜಪಾನಿ, ಕೊರಿಯನ್, ಚೀನೀ ಭಾಷೆಗಳಿಗೆ ಸುಮಾರು 2,200 ತರಗತಿ ಗಂಟೆ, ಇಂಡೊನೇಷ್ಯಾ ಭಾಷೆಗೆ ಅದರ ಅರ್ಧಕ್ಕಿಂತ ಕಡಿಮೆ. ಆದರೆ ಈ ಲೆಕ್ಕ ಇಂಗ್ಲಿಷ್ ಮಾತೃಭಾಷೆಯವರಿಗೆ ಹಾಕಿದ್ದು. ಕ್ರಿಯಾಪದ ಕೊನೆಗೆ ಬರುವುದು, ವಿಭಕ್ತಿಯಂಥ ಪ್ರತ್ಯಯ ನಾಮಪದದ ಕೊನೆಗೆ ಅಂಟುವುದು, ದೊಡ್ಡವರಿಗೆ ಬೇರೆ ಕ್ರಿಯಾರೂಪ ಬಳಸುವುದು ಇವನ್ನೆಲ್ಲ ಕನ್ನಡಿಗರಿಗೆ ಯಾರೂ ವಿವರಿಸಿ ಹೇಳಬೇಕಿಲ್ಲ. ಕೊರಿಯನ್, ಜಪಾನಿ ವಾಕ್ಯದ ನಡಿಗೆ ನಮಗೆ ಬೇಗ ಕೈಗೆ ಹತ್ತುತ್ತದೆ. ಜಪಾನಿಯ ಕಾಂಜಿ ಲಿಪಿಗೆ ಮಾತ್ರ ಅಡ್ಡದಾರಿಯಿಲ್ಲ. ಕೊರಿಯಾದ ಹಂಗುಲ್ ಅಕ್ಷರಗಳನ್ನು ವಾರದೊಳಗೆ ಕಲಿಯಬಹುದು. ನಿಮಗೆ ಧಾರಾವಾಹಿ ನೋಡಿ ಕಿವಿ ಪಳಗಿರುವುದರಿಂದ ಕೊರಿಯನ್ ಆರಿಸಿಕೊಳ್ಳುವುದೇ ಜಾಣತನ ಎನ್ನಿಸುತ್ತದೆ. ಕೊರಿಯನ್ ಭಾಷಾ ಸಾಮರ್ಥ್ಯ ಅಳೆಯುವ ಟೋಪಿಕ್ ಪರೀಕ್ಷೆಯ ಆರು ಹಂತಗಳಲ್ಲಿ ಎರಡನೆಯದನ್ನಾದರೂ ಅರ್ಜಿ ಹಾಕುವ ಮುನ್ನ ದಾಟಿ. ಅಷ್ಟರಿಂದ ಸಂಶೋಧನೆ ಮಾಡಲಾಗದು ನಿಜ, ನಿಮ್ಮ ಆಸಕ್ತಿ ಬಾಯಿಮಾತಿನದಲ್ಲ ಎಂಬುದಕ್ಕೆ ಅದು ಸಾಕ್ಷಿ. ಪೆಸಿಫಿಕ್ ಕಡೆ ಹೋಗುವುದಾದರೆ ಪಪುವಾ ನ್ಯೂಗಿನಿಯೊಂದರಲ್ಲೇ 800ಕ್ಕೂ ಹೆಚ್ಚು ಭಾಷೆಗಳಿವೆಯೆಂದು ಹೆದರಬೇಡಿ. ಅಲ್ಲಿಯ ಸಂಪರ್ಕ ಭಾಷೆ ಟೋಕ್ ಪಿಸಿನ್ ಕಲಿತರೆ ಆ ದೇಶದ ಬಹುಭಾಗದಲ್ಲಿ ಮಾತಾಡಬಹುದು, ಮತ್ತು ಅದು ವನುವಾಟುವಿನ ಬಿಸ್ಲಾಮಾ, ಸಾಲೊಮನ್ನಿನ ಪಿಜಿನ್ ಎರಡಕ್ಕೂ ಹತ್ತಿರದ ನೆಂಟ. ಒಂದು ಎಚ್ಚರಿಕೆ: ಇಂಥ ಸಣ್ಣ ಭಾಷೆಗಳ ತರಗತಿಗಳನ್ನು ವಿದ್ಯಾರ್ಥಿಗಳು ಕಡಿಮೆಯಾದ ವರ್ಷ ನಿಲ್ಲಿಸಿಬಿಡುತ್ತಾರೆ. ಕೈಪಿಡಿಯಲ್ಲಿ ಹೆಸರಿದ್ದರೂ ನೀವು ಹೋಗುವ ವರ್ಷ ನಡೆಯುತ್ತದೆಯೇ ಎಂದು ವಿಭಾಗಕ್ಕೆ ಬರೆದು ಕೇಳಿ.

ಕೋರ್ಸಿನ ಅವಧಿಯನ್ನೂ ಭಾಷೆಯ ದೃಷ್ಟಿಯಿಂದಲೇ ತೂಗಬೇಕು. ಬ್ರಿಟನ್ನಿನ ಎಂ.ಎ. ಸಾಮಾನ್ಯವಾಗಿ ಒಂದು ವರ್ಷದ್ದು. ಸೆಪ್ಟೆಂಬರಿನಲ್ಲಿ ಹೋಗಿ ಇಳಿಯುವಷ್ಟರಲ್ಲಿ ಪ್ರಬಂಧದ ವಿಷಯ ಕೇಳುತ್ತಾರೆ, ಮುಂದಿನ ಸೆಪ್ಟೆಂಬರಿಗೆ ಎಲ್ಲ ಮುಗಿದಿರುತ್ತದೆ. ಭಾಷೆ ಆಗಲೇ ಬರುವವರಿಗೆ ಅದು ಸರಿ. ನಿಮ್ಮಂತೆ ಮೊದಲಿನಿಂದ ಕಲಿಯುವವರಿಗೆ ಜಪಾನ್, ಕೊರಿಯಾ, ಅಮೆರಿಕಗಳಲ್ಲಿ ಸಾಮಾನ್ಯವಾದ ಎರಡು ವರ್ಷದ ಪದವಿ ಹೆಚ್ಚು ಉಪಯುಕ್ತ. ಮುಂದೆ ಪಿಎಚ್‌.ಡಿ. ಮಾಡುವ ಯೋಚನೆ ಎಳ್ಳಷ್ಟಿದ್ದರೂ ಪ್ರಬಂಧ ಇರುವ ಕೋರ್ಸನ್ನೇ ಆರಿಸಿ. ಬರೀ ತರಗತಿಗಳಿಂದ ಮುಗಿಯುವ ಎಂ.ಎ. ಹಿಡಿದು ಪಿಎಚ್‌.ಡಿ. ಬಾಗಿಲು ತಟ್ಟಿದರೆ, ಸಂಶೋಧನೆ ಮಾಡಿದ ಅನುಭವವೆಲ್ಲಿ ಎಂದು ಕೇಳುತ್ತಾರೆ.

ಅಧ್ಯಾಪಕರನ್ನು ಹುಡುಕುವುದು ಹೇಗೆಂದರೆ, ನಿಮ್ಮ ಪ್ರಶ್ನೆಗೆ ಹತ್ತಿರವಾದ ನಾಲ್ಕಾರು ಲೇಖನಗಳನ್ನು ಓದಿ, ಅವುಗಳ ಅಡಿಟಿಪ್ಪಣಿಗಳಲ್ಲಿ ಪದೇ ಪದೇ ಬರುವ ಹೆಸರುಗಳನ್ನು ಗುರುತು ಹಾಕಿಕೊಳ್ಳಿ. ಅವರಿಗೆ ಪುಟ್ಟ ಇಮೇಲ್ ಬರೆಯಿರಿ: ನೀವು ಯಾರು, ಅವರ ಯಾವ ಬರಹ ಓದಿದಿರಿ, ಅದರಿಂದ ನಿಮಗೆ ಯಾವ ಅನುಮಾನ ಎದ್ದಿತು, ಅವರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಿದ್ದಾರೆಯೇ. ಹತ್ತು ಸಾಲು ಸಾಕು. ಇಪ್ಪತ್ತು ಜನರಿಗೆ ಒಂದೇ ಇಮೇಲ್ ಕಳಿಸಿದರೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಅರ್ಜಿಯ ಜೊತೆ ಕೊಡುವ ಉದ್ದೇಶಪತ್ರಕ್ಕೂ ಇದೇ ಮಾತು. ‘ಬಾಲ್ಯದಿಂದಲೂ ಏಷ್ಯಾದ ಶ್ರೀಮಂತ ಸಂಸ್ಕೃತಿ ನನ್ನನ್ನು ಸೆಳೆದಿದೆ’ ಎಂದು ಶುರುವಾಗುವ ಪತ್ರವನ್ನು ಮುಂದೆ ಓದಲು ಬಹಳ ಸಹನೆ ಬೇಕು. ಕಂಪನಿಯ ಎರಡು ವರ್ಷವನ್ನು ಬಚ್ಚಿಡಬೇಡಿ. ಗಡುವಿಗೆ ಕೆಲಸ ಮುಗಿಸಿದ್ದು, ಅಂಕಿಅಂಶ ನಿಭಾಯಿಸಿದ್ದು ಈ ಕ್ಷೇತ್ರದಲ್ಲಿ ಅಪರೂಪದ ಗುಣಗಳು.

ಕ್ಷೇತ್ರಕಾರ್ಯದ ಬಗ್ಗೆ ನೀವು ಕೇಳಿಲ್ಲ, ಆದರೆ ಅದು ಸಮಯ ತಿನ್ನುವ ಕೆಲಸ. ಜನರನ್ನು ಸಂದರ್ಶಿಸುವ ಮುನ್ನ ವಿಶ್ವವಿದ್ಯಾಲಯದ ಸಂಶೋಧನಾ ನೈತಿಕತೆಯ ಸಮಿತಿಯ ಒಪ್ಪಿಗೆ ಬೇಕು, ಹಲವು ದೇಶಗಳಲ್ಲಿ ಸಂಶೋಧನಾ ವೀಸಾ ಬೇರೆಯೇ ಬೇಕು. ವನುವಾಟು ದೇಶವಂತೂ ಸ್ವಾತಂತ್ರ್ಯಾನಂತರ 1980ರ ದಶಕದಿಂದ 1994ರವರೆಗೆ ಹೊರಗಿನವರ ಮಾನವಿಕ ಸಂಶೋಧನೆಯನ್ನೇ ನಿಲ್ಲಿಸಿತ್ತು. ಬಂದು, ಕೇಳಿ, ಬರೆದುಕೊಂಡು ಹೋದವರು ತಿರುಗಿ ಏನನ್ನೂ ಕೊಡಲಿಲ್ಲ ಎಂಬ ಅಸಮಾಧಾನ ಅದರ ಹಿಂದಿತ್ತು. ಈಗ ಅಲ್ಲಿಯ ಸಾಂಸ್ಕೃತಿಕ ಕೇಂದ್ರದ ಜೊತೆ ಒಪ್ಪಂದ ಮಾಡಿಕೊಂಡೇ ಹೋಗಬೇಕು. ಒಂದು ವರ್ಷದ ಎಂ.ಎ.ಯಲ್ಲಿ ಇದಕ್ಕೆಲ್ಲ ಸಮಯವಿರುವುದಿಲ್ಲ. ಅಂಥ ಕೋರ್ಸಿಗೆ ಹೋಗುವವರು ದಾಖಲೆಗಳ ಮೇಲೆ ಕೆಲಸ ಮಾಡುವುದು ಲೇಸು. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ಜಾಲತಾಣದಲ್ಲಿ ಹಳೆಯ ಪತ್ರಿಕೆಗಳು ಮನೆಯಿಂದಲೇ, ಉಚಿತವಾಗಿ ಸಿಗುತ್ತವೆ. ಪೆಸಿಫಿಕ್ ಹಸ್ತಪ್ರತಿಗಳನ್ನು 1968ರಿಂದ ಮೈಕ್ರೋಫಿಲ್ಮ್ ಮಾಡುತ್ತ ಬಂದಿರುವ ಕೇಂದ್ರವೊಂದು ಕ್ಯಾನ್‌ಬೆರಾದಲ್ಲಿದೆ.

ಹಣದ ಬಗ್ಗೆ ನನ್ನ ಮಾತು ಕಟುವಾಗಿರಬಹುದು: ಈ ಪದವಿಗಾಗಿ ದೊಡ್ಡ ಸಾಲ ಮಾಡಬೇಡಿ. ಸಂಬಳದಿಂದ ಆ ಸಾಲ ಬೇಗ ತೀರುವ ಕ್ಷೇತ್ರ ಇದಲ್ಲ. ವಿದ್ಯಾರ್ಥಿವೇತನ ಹಿಡಿದೇ ಹೋಗಿ. ನಿಮಗೆ ಹೇಳಿಮಾಡಿಸಿದ್ದು ಕೊರಿಯಾ ಸರ್ಕಾರದ ಗ್ಲೋಬಲ್ ಕೊರಿಯಾ ಸ್ಕಾಲರ್‌ಶಿಪ್. ಬೋಧನಾ ಶುಲ್ಕ, ಮಾಸಿಕ ಭತ್ಯೆ, ವಿಮಾನ ಖರ್ಚಿನ ಜೊತೆಗೆ ಎಂ.ಎ.ಗೆ ಮುಂಚೆ ಒಂದು ವರ್ಷ ಕೊರಿಯನ್ ಭಾಷೆಯನ್ನೂ ಕಲಿಸುತ್ತಾರೆ. ಟೋಪಿಕ್‌ನಲ್ಲಿ ಐದನೇ ಹಂತ ದಾಟಿದವರಿಗೆ ಮಾತ್ರ ಆ ವರ್ಷದಿಂದ ವಿನಾಯಿತಿ. ಜಪಾನ್ ಸರ್ಕಾರದ ಮೆಕ್ಸ್ಟ್ ವಿದ್ಯಾರ್ಥಿವೇತನಕ್ಕೆ ರಾಯಭಾರ ಕಚೇರಿಯ ಮೂಲಕ ಅಥವಾ ವಿಶ್ವವಿದ್ಯಾಲಯದ ಶಿಫಾರಸಿನ ಮೂಲಕ ಹೋಗಬಹುದು. ರಾಯಭಾರ ಕಚೇರಿಯ ದಾರಿಯಲ್ಲಿ ಅರ್ಜಿಯಿಂದ ತರಗತಿಯವರೆಗೆ ಹತ್ತಿರ ಹತ್ತಿರ ಒಂದು ವರ್ಷ ಹಿಡಿಯುತ್ತದೆ, ಕೆಲಸಕ್ಕೆ ರಾಜೀನಾಮೆ ಕೊಡುವ ಮುನ್ನ ಇದು ಲೆಕ್ಕದಲ್ಲಿರಲಿ. ತೈವಾನ್ ಸರ್ಕಾರ ಚೀನೀ ಭಾಷೆ ಕಲಿಕೆಗಷ್ಟೇ ಕೊಡುವ ಹುಆಯು ವಿದ್ಯಾರ್ಥಿವೇತನ ಎರಡು ತಿಂಗಳಿಂದ ಒಂದು ವರ್ಷದ ಅವಧಿಯದು. ಎಂ.ಎ.ಗೆ ಮೊದಲು ಒಂದು ರುಚಿ ನೋಡಬೇಕೆನ್ನುವವರಿಗೆ ಒಳ್ಳೆಯದು. ಹೊನೊಲುಲುವಿನಲ್ಲಿ ಅಮೆರಿಕ ಸಂಸತ್ತು 1960ರಲ್ಲಿ ಸ್ಥಾಪಿಸಿದ ಈಸ್ಟ್–ವೆಸ್ಟ್ ಸೆಂಟರ್ ಹವಾಯಿ ವಿಶ್ವವಿದ್ಯಾಲಯದಲ್ಲಿ ಓದುವವರಿಗೆ ಫೆಲೋಶಿಪ್ ಕೊಡುತ್ತ ಬಂದಿದೆ. ಸರ್ಕಾರದ ಅನುದಾನ ನಂಬಿದ ಸಂಸ್ಥೆಯಾದ್ದರಿಂದ ಆ ವರ್ಷ ಅರ್ಜಿ ಕರೆದಿದ್ದಾರೆಯೇ ಎಂದು ಮೊದಲು ನೋಡಿ.

ಕೆಲಸ? ‘ಏಷ್ಯಾ–ಪೆಸಿಫಿಕ್ ತಜ್ಞರು ಬೇಕಾಗಿದ್ದಾರೆ’ ಎಂಬ ಜಾಹೀರಾತು ನೀವು ಕಾಣುವುದು ಅಪರೂಪ. ಬ್ಯಾಂಕಾಕಿನ ವಿಶ್ವಸಂಸ್ಥೆಯ ಪ್ರಾದೇಶಿಕ ಆಯೋಗ, ಮನಿಲಾದ ಏಷ್ಯಾ ಅಭಿವೃದ್ಧಿ ಬ್ಯಾಂಕ್, ಸುವಾದ ಪೆಸಿಫಿಕ್ ದ್ವೀಪಗಳ ವೇದಿಕೆ, ನೂಮೆಯಾದ ಪೆಸಿಫಿಕ್ ಸಮುದಾಯ ಇವೆಲ್ಲ ಕೇಳಲು ಚೆಂದ, ಅಲ್ಲಿಯ ಕಾಯಂ ಹುದ್ದೆಗಳಿಗೆ ಎಂ.ಎ. ಜೊತೆ ವರ್ಷಗಳ ಅನುಭವ ಬೇಕು. ಹೊಸಬರು ಸಾಮಾನ್ಯವಾಗಿ ಒಳಗೆ ಹೋಗುವುದು ಸಂಶೋಧನಾ ಸಹಾಯಕರಾಗಿ, ಅನುವಾದಕರಾಗಿ, ಸುದ್ದಿಮನೆಯ ವಿದೇಶ ವಿಭಾಗದಲ್ಲಿ, ಕೊರಿಯಾ ಅಥವಾ ಜಪಾನಿನ ಕಂಪನಿಗಳ ಪ್ರಾದೇಶಿಕ ಕಚೇರಿಗಳಲ್ಲಿ, ರಾಜಕೀಯ ಅಪಾಯ ಅಳೆಯುವ ಸಲಹಾ ಸಂಸ್ಥೆಗಳಲ್ಲಿ. ಈ ಎಲ್ಲ ಕಡೆಯೂ ಆಯ್ಕೆಯಾಗುವವರು ಭಾಷೆಯ ಜೊತೆ ಇನ್ನೊಂದು ಕೈಕೆಲಸ ಬಲ್ಲವರು. ಅದು ಸಂಖ್ಯಾಶಾಸ್ತ್ರವಿರಬಹುದು, ನಕ್ಷೆ ತಯಾರಿಸುವ ಜಿಐಎಸ್ ಇರಬಹುದು, ಕಾನೂನು ಇರಬಹುದು. ಎರಡು ವರ್ಷದ ಕೋರ್ಸಿನಲ್ಲಿ ಒಂದೆರಡು ಐಚ್ಛಿಕ ಪತ್ರಿಕೆಗಳನ್ನು ಇದಕ್ಕೆ ಮೀಸಲಿಡಿ. ಮನೆಯವರಿಗೂ ಪದವಿಯ ಹೆಸರು ಹೇಳುವ ಬದಲು ‘ಕೊರಿಯನ್ ಭಾಷೆ ಮತ್ತು ಅಲ್ಲಿಯ ಆರ್ಥಿಕ ನೀತಿ ಓದಲು ಹೋಗುತ್ತಿದ್ದೇನೆ, ಖರ್ಚು ಅವರ ಸರ್ಕಾರ ಕೊಡುತ್ತದೆ’ ಎಂದು ಹೇಳುವ ಸ್ಥಿತಿ ತಂದುಕೊಂಡರೆ ಅರ್ಧ ವಾದ ಅಲ್ಲಿಗೇ ಮುಗಿಯುತ್ತದೆ.

ಸದ್ಯಕ್ಕೆ ಕೆಲಸ ಬಿಡಬೇಡಿ. ಆರು ತಿಂಗಳು ದಿನಕ್ಕೊಂದು ಗಂಟೆ ಕೊರಿಯನ್ ಕಲಿಯಿರಿ, ವಾರಕ್ಕೊಂದು ಸಂಶೋಧನಾ ಲೇಖನ ಓದಿ, ಪ್ರತಿ ಲೇಖನಕ್ಕೂ ಅರ್ಧ ಪುಟ ಟಿಪ್ಪಣಿ ಬರೆದಿಡಿ. ಆರು ತಿಂಗಳ ಕೊನೆಯಲ್ಲಿ ಆ ಟಿಪ್ಪಣಿಗಳಲ್ಲಿ ಒಂದೇ ಅನುಮಾನ ಮತ್ತೆ ಮತ್ತೆ ಬಂದಿದ್ದರೆ ಅದನ್ನೇ ಎರಡು ಪುಟದ ಪ್ರಸ್ತಾವನೆಯಾಗಿ ಬೆಳೆಸಿ ಅರ್ಜಿ ಹಾಕಿ, ನಾಲ್ಕೈದು ಕಡೆಗೆ ಸಾಕು. ಹಾಗೆ ಯಾವುದೂ ಬಂದಿರದಿದ್ದರೆ, ಅಥವಾ ಎರಡನೇ ತಿಂಗಳಲ್ಲೇ ಪಾಠಪುಸ್ತಕ ಮೂಲೆ ಸೇರಿದ್ದರೆ, ಎಂ.ಎ. ಯೋಚನೆಯನ್ನು ಒಂದು ವರ್ಷ ಮುಂದಕ್ಕೆ ಹಾಕಿ ಧಾರಾವಾಹಿಗಳನ್ನು ನಿಶ್ಚಿಂತೆಯಿಂದ ನೋಡಿ.